ಸನ್ನಿಗೆ ಹಚ್ಚಿದ ಸುಣ್ಣ

ಗೌಸಮೊಹಿದ್ದೀನನ ಬಲಪಾದದಲ್ಲಿ ಮೂರೇ ಬೆರಳು. ಮದುವೆಯ ಮಾತುಕತೆಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಗಂಡಿನ ಅಪ್ಪನ ಕಾಲ್ಬೆರಳು ಎಣಿಸಿ ಹೆಣ್ಣು ಕೊಡುವವರು ಯಾರಿದ್ದಾರೆ? ಸೊಸೆ ಜಸ್ಮೀನ ಅದನ್ನು ಮೊದಲು ಕಂಡದ್ದು ರಮಜಾನ್ ಹಬ್ಬದ ಹಿಂದಿನ ಸಂಜೆ. ಮಾವ ನಮಾಜಿಗೆ ಮುಂಚೆ ಅಂಗಳದ ಕಲ್ಲಿನ ಮೇಲೆ ಕಾಲು ತೊಳೆಯಲು ಕೂತಿದ್ದ, ಅವಳು ಚೊಂಬಿನಿಂದ ನೀರು ಹಾಕುತ್ತಿದ್ದಳು. ಕಿರುಬೆರಳೂ ಅದರ ಪಕ್ಕದ್ದೂ ಇರಲಿಲ್ಲ. ಚೊಂಬಿನ ನೀರು ಕಾಲು ತಪ್ಪಿ ನೆಲದ ಪಾಲಾಯಿತು.

"ಅಂಜಬ್ಯಾಡ ಬೇಟಿ," ಎಂದು ಮುದುಕ ನಕ್ಕ. "ಹ್ವಾದ ವರ್ಷದ ಹಿಂದಿನ ವರ್ಷ ತೇರು ತಿಂತು. ಎರಡು ತಿಂದು ಎಂಟು ಬಿಟ್ಟಾನ ನೋಡು, ಒಳ್ಳೇ ದೇವರು."

ಅವಳಿಗೆ ನಗು ಬರಲಿಲ್ಲ. ಅವಳು ಅಫಜಲಪುರದ ಬಳೆ ಅಂಗಡಿಯವರ ಮಗಳು. ತೇರು ಎಂದರೆ ಬಸ್ಸಿನ ಕಿಟಕಿಯಿಂದ ದೂರದಲ್ಲಿ ಕಂಡ ಕಳಸ, ಅಷ್ಟೇ. "ನೂಕುನುಗ್ಗಲದಾಗ ಹೆಣ್ಮಕ್ಕಳಿಗೇನು ಕೆಲಸ" ಎಂದು ಅವಳಪ್ಪ ಒಂದು ಜಾತ್ರೆಗೂ ಕಳಿಸಿದವನಲ್ಲ. ಈಗ ನೋಡಿದರೆ ತೇರು ಗಾಲಿ ಸಮೇತ ಮನೆಯೊಳಗೇ ಬಂದು ಕೂತಿತ್ತು.

ಊರು ಕರಗೋಳ. ನರೋಣಾದಲ್ಲಿ ಬಸ್ಸಿಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಅಲ್ಲಿನ ಕರಿಬಸವಣ್ಣನ ತೇರಿಗೆ ಮುಂದಿನ ಎರಡು ಗಾಲಿಗೆ ಇಬ್ಬರು ಸನ್ನಿ ಹಾಕುತ್ತಾರೆ. ಸನ್ನಿ ಎಂದರೆ ಗಿಡ್ಡ ಹಿಡಿಕೆಯ ದಪ್ಪ ಕಟ್ಟಿಗೆ, ಒಂದು ಕಡೆ ತೆಳ್ಳಗೆ ಕೆತ್ತಿದ್ದು. ಉರುಳುವ ಗಾಲಿಯ ಮುಂದೆ ಅದರ ತೆಳು ಬಾಯಿ ಕೊಟ್ಟು, ಗಾಲಿ ಅದನ್ನು ಕಚ್ಚಿಕೊಳ್ಳುವ ಹೊತ್ತಿಗೆ ಕೈ ಬಿಡಬೇಕು. ತೇರು ನಿಲ್ಲುತ್ತದೆ. ಮೊದಲೇ ಬಿಟ್ಟರೆ ಸನ್ನಿ ಜಾರಿ ಹೋಗುತ್ತದೆ, ತಡವಾಗಿ ಬಿಟ್ಟರೆ ಕೈ ಹೋಗುತ್ತದೆ. ಬಲಗಡೆಯ ಗಾಲಿ ಗೌಸಮೊಹಿದ್ದೀನನ ಮನೆತನದ್ದು, ಎಡಗಡೆಯದು ಅಂಬಾರಾಯನ ಮನೆತನದ್ದು. ಇದನ್ನು ಯಾರು ಯಾವಾಗ ಗೊತ್ತು ಮಾಡಿದರು ಎಂದರೆ ಊರಲ್ಲಿ ಯಾರಿಗೂ ತಿಳಿಯದು. ಬದಲು ಮಾಡೋಣವೇ ಎಂದರೆ ಮಾತ್ರ ಎಲ್ಲರೂ ಜಗಳಕ್ಕೆ ಬರುತ್ತಾರೆ.

ಜಸ್ಮೀನಳ ಗಂಡ ಹಫೀಜ ಕಲಬುರಗಿಯಲ್ಲಿ ಸಾಮಾನು ಸಾಗಿಸುವ ಟೆಂಪೊ ಓಡಿಸುತ್ತಿದ್ದ. ಹಬ್ಬ ಮುಗಿದ ಮೇಲೆ ಅವನು ಹೊರಟು ನಿಂತಾಗ ಅತ್ತೆ ಚಮನಬಿ, "ಸೊಸಿ ಇರ್ಲಿ. ತೇರು ನೋಡೇ ಬರ್ತಾಳ" ಎಂದಳು. ಕೇಳಿದ್ದಲ್ಲ, ಹೇಳಿದ್ದು. ಹೀಗೆ ಜಸ್ಮೀನ ಮೂರು ವಾರದ ಅತಿಥಿಯಾಗಿ ಉಳಿದಳು.

ಅತಿಥಿ ಎಂಬುದು ಹೆಸರಿಗೆ. ಬೆಳಗ್ಗೆ ರೊಟ್ಟಿ ಬಡಿಯುವುದು, ನೀರು ತುಂಬುವುದು, ಮೇಕೆಗೆ ಸೊಪ್ಪು ಹಾಕುವುದು ಅವಳ ಪಾಲಿಗೇ ಬಂತು. ಕೆಲಸಕ್ಕೆ ಅವಳು ಹಿಂದೆಗೆಯುವವಳಲ್ಲ. ಆದರೆ ಆ ಮನೆಯ ಕೆಲವು ರೀತಿ ಅವಳಿಗೆ ಹೊಸದು. ಮಾವನಿಗೆ ಬಡಿಸುವಾಗ ಅತ್ತೆ ಪ್ರತಿಯೊಂದನ್ನೂ ಕೂಗಿ ಹೇಳುತ್ತಿದ್ದಳು: "ಎಡಕ್ಕ ಪುಂಡಿಪಲ್ಯ, ನಡುವ ರೊಟ್ಟಿ, ಬಲಕ್ಕ ಶೇಂಗಾಹಿಂಡಿ. ನೀರು ತೊಡಿ ಹಂತ್ಯಾಕ ಅದ." ಉಳಿದವರಿಗೆ ಸ್ಟೀಲಿನ ತಾಟು, ಅವನಿಗೆ ಮಾತ್ರ ಬಿಳಿ ಪಿಂಗಾಣಿಯದು. ಗಂಡನ ಮೇಲೆ ಎಷ್ಟು ಪ್ರೀತಿ ಎಂದುಕೊಂಡಳು ಜಸ್ಮೀನ. ತನ್ನ ಗಂಡನಿಗೆ ತಾನೂ ಹೀಗೆ ಬಡಿಸಿದರೆ ಅವನು "ನಾ ಏನ್ ಕುರುಡೇನು?" ಎಂದಾನು ಎಂದು ಒಳಗೊಳಗೇ ನಕ್ಕಳು.

ತೇರು ಹತ್ತಿರ ಬಂದರೆ ಕರಗೋಳದಲ್ಲಿ ಎಲ್ಲ ಮನೆಗಳಿಗೂ ಸುಣ್ಣ. ಮುದುಕ ಜೀವಮಾನವೆಲ್ಲ ಬಡಗಿ ಕೆಲಸ ಮಾಡಿದವನು, ಕೂತು ತಿನ್ನುವ ಜಾತಿಯಲ್ಲ. ಕುಂಚ ಹಿಡಿದು ತಾನೇ ಗೋಡೆಗೆ ನಿಂತ. ಒಂದು ಕಡೆ ಮೂರು ಸಲ ಬಳಿದ, ಅದರ ಪಕ್ಕದಲ್ಲೇ ಒಂದು ಮೊಳ ಜಾಗ ಹಾಗೇ ಬಿಟ್ಟ. ನೆಲದ ಮೇಲೆ, ಟ್ರಂಕಿನ ಮೇಲೆ, ಮೇಕೆಯ ಬೆನ್ನ ಮೇಲೆ ಕೂಡ ಸುಣ್ಣ ಹನಿಯಿತು. ಅವನು ಚಹಾಕ್ಕೆಂದು ಚಾವಡಿ ಕಡೆ ಹೋದದ್ದೇ ತಡ, ಚಮನಬಿ ಕುಂಚ ತಗೊಂಡು ಬಿಟ್ಟ ಜಾಗವನ್ನೆಲ್ಲ ಸರಸರ ಬಳಿದಳು.

"ಅಮ್ಮಾ, ಅಬ್ಬಾನ ಕಣ್ಣು..." ಎಂದು ಜಸ್ಮೀನ ಶುರು ಮಾಡಿದಳು.

"ಕಣ್ಣಿಗೇನಾಗೇದ?" ಚಮನಬಿ ತಿರುಗಿಯೂ ನೋಡಲಿಲ್ಲ. "ವಯಸ್ಸಾಗೇದ. ನೀ ಆ ಹನಿ ಒರಸು. ಒಣಗಿದ್ರ ಹೋಗೂದಿಲ್ಲ. ಎಲ್ಲೆ ಸುಣ್ಣದ ಹನಿ ಕಂಡ್ರೂ ಒರಸಿಬಿಡು."

ಜಸ್ಮೀನ ಒರಸಿದಳು. ಆ ವಾರವೆಲ್ಲ ಅವಳದು ಅದೇ ಕೆಲಸ. ಹಿತ್ತಾಳೆ ಹಂಡೆ, ಬಾಗಿಲ ಚೌಕಟ್ಟು, ಗಡಿಯಾರದ ಗಾಜು, ಎಲ್ಲ ಕಡೆಯ ಸುಣ್ಣದ ಹನಿಯನ್ನೂ ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೆಗೆದಳು. ಅತ್ತೆ ಒಮ್ಮೆಯಾದರೂ "ಶಾಬಾಷ್" ಅನ್ನಲಿ ಎಂಬ ಆಸೆ ಅವಳಿಗೆ. ಹೊಸ ಸೊಸೆಯರಿಗೆ ಇರುವ ರೋಗವೇ ಅದು.

ಮುಂದಿನ ಶುಕ್ರವಾರ ಹಫೀಜ ಬಂದ. ಊಟಕ್ಕೆ ಕೂತವನೇ ಮಾತು ತೆಗೆದ.

"ಅಬ್ಬಾ, ಈ ವರ್ಷ ರುಮಾಲು ತಗೋಬ್ಯಾಡ್ರಿ."

ತೇರಿಗೆ ವಾರ ಮುಂಚೆ ದೇವಸ್ಥಾನದ ಕಮಿಟಿಯವರು ಸನ್ನಿ ಹಾಕುವವರಿಗೆ ಹೊಸ ರುಮಾಲು ಸುತ್ತುತ್ತಾರೆ. ಅದನ್ನು ಒಲ್ಲೆ ಅಂದ ಮನೆಗೆ ಗಾಲಿ ಕೈಬಿಟ್ಟ ಹಾಗೆ, ಮತ್ತೆ ಕೇಳುವಂತಿಲ್ಲ.

"ನಾ ತಗೋಳಿಲ್ಲಂದ್ರ ನೀ ತಗೋತೀಯೇನು?" ಎಂದ ಗೌಸಮೊಹಿದ್ದೀನ.

"ನಾ ಒಲ್ಲೆ. ನಾ ಸನ್ನಿ ಮುಟ್ಟಂಗಿಲ್ಲ ಅಂತ ಎಷ್ಟ ಸಲ ಹೇಳ್ಬೇಕು? ಹಗಲೆಲ್ಲ ಟೆಂಪೊ ಓಡಸ್ತೀನಿ ನಾ. ಗಾಲಿ ಏನ್ ಮಾಡ್ತದ ಅಂತ ನನಗ ಗೊತ್ತದ."

"ಮತ್ತ್ಯಾಕ ಬಾಯಿ ತೆಗೀತಿ? ನಮ್ಮಪ್ಪ ಹಿಡಿದ, ಅವರಪ್ಪ ಹಿಡಿದ. ನಾ ಬಿಟ್ರ ಊರಾಗ ನನಗ ಇನ್ನೇನದ? ಬಡಗಿ ಕೆಲಸಕ್ಕ ಯಾರೂ ಕರೆಯೂದಿಲ್ಲ. ಎಲ್ಲಾರೂ ಕಬ್ಬಿಣದ ಬಾಗಿಲಾ ತರ್ತಾರ. ವರ್ಷಕ್ಕ ಒಂದು ದಿನ ಗೌಸಣ್ಣ ಅಂತಾರ."

"ನಾ ಹೇಳೂದು ಅದಲ್ಲ. ನಿಮ್ಮ ಕಣ್ಣು..."

"ನನ್ನ ಕಣ್ಣಿಗೇನಾಗೇದ?"

ಹಫೀಜ ರೊಟ್ಟಿ ಕೆಳಗಿಟ್ಟ. "ನಿಮ್ಮ ತಾಟಿನಾಗ ಈಗ ಏನದ ಹೇಳ್ರಿ, ನೋಡೂಣು."

ಆ ಹೊತ್ತು ಜಸ್ಮೀನ ಬಡಿಸಿದ್ದಳು, ಅವಳಿಗೆ ಕೂಗಿ ಹೇಳುವ ಅಭ್ಯಾಸವಿರಲಿಲ್ಲ. ಮುದುಕ ತಾಟಿನ ಕಡೆ ಬಗ್ಗಿದ. ಕೈ ಮುಂದೆ ಮಾಡಿ ನಿಲ್ಲಿಸಿದ. ಅವನ ಹಣೆಯ ಮೇಲೆ ಬೆವರು ಮೂಡಿದ್ದನ್ನು ಜಸ್ಮೀನ ಕಂಡಳು.

"ಬದನಿಕಾಯಿ ಅದ," ಎಂದು ಒಲೆಯ ಮುಂದಿನಿಂದ ಚಮನಬಿ ಗದರಿದಳು. "ಮುಂಜಾನಿಂದ ಮನಿ ತುಂಬ ಬದನಿಕಾಯಿ ವಾಸನಿ. ಗೊತ್ತಾಗ್ದೇ ಏನು? ಅಪ್ಪಗ ಪರೀಕ್ಷಾ ಇಡಾಕ ಬಂದಿಯೇನಲೇ? ಸುಮ್ಮ ಉಣ್ಣು!"

"ಬದನಿಕಾಯಿ," ಎಂದ ಮುದುಕ, ಗೆದ್ದವನ ಹಾಗೆ.

"ಕಲಬುರಗಿಯಾಗ ಕಣ್ಣಿನ ದವಾಖಾನಿ ಅದ. ಪೊರಿ ತೆಗೀತಾರ, ಸಂಜಿಕ ಮನಿಗೆ ಕಳಸ್ತಾರ. ಎಷ್ಟ ಸಲ ಕರದೆ ನಾ?"

"ಮಟಕಿ ಊರಿನ ಶರಫುದ್ದೀನ ಹೋಗಿದ್ದ. ಇದ್ದ ಚೂರು ಬೆಳಕೂ ಕಳಕೊಂಡು ಬಂದ. ನನ್ನ ಕಣ್ಣಿಗೆ ಸೂಜಿ ಹಚ್ಚೂದು ಬ್ಯಾಡ." ಗಾಲಿಗೆ ಅಂಜದ ಮನುಷ್ಯ ಸೂಜಿಗೆ ಅಂಜುತ್ತಿದ್ದ.

ಹಫೀಜ ಅರ್ಧ ಊಟಕ್ಕೆ ಕೈ ತೊಳೆದ. "ಆಯ್ತು. ತೇರಿನ ದಿನ ನಾ ಬರ್ತೇನಿ, ಹಗ್ಗ ಎಳೀತೇನಿ. ನಿಮ್ಮ ಕಡೆ ಮಾತ್ರ ನೋಡೂದಿಲ್ಲ. ನನ್ನ ಕೈಲಿ ಆಗೂದಿಲ್ಲ," ಎಂದು ಟೆಂಪೊ ಹತ್ತಿದ. ಅವನ ದನಿ ಒಡೆದದ್ದು ಹೆಂಡತಿಗೆ ಮಾತ್ರ ಕೇಳಿಸಿತು.

ಅಂದಿನಿಂದ ಜಸ್ಮೀನಳಿಗೆ ಅಂಜಿಕೆ ಹಿಡಿಯಿತು. ತಗಡಿನ ಶೆಡ್ಡಿನಿಂದ ತೇರನ್ನು ಹೊರಗೆ ಎಳೆದ ದಿನ ಪಕ್ಕದ ಮನೆಯ ಬಾಳಮ್ಮ ಅವಳನ್ನು ಕರಕೊಂಡು ಹೋಗಿ ತೋರಿಸಿದಳು. ಗಾಲಿ ಅವಳ ತಲೆಗಿಂತ ಎತ್ತರ. ಕಟ್ಟಿಗೆ ಗಾಲಿ, ಕಬ್ಬಿಣದ ಪಟ್ಟಿ, ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಗೆ ಮಿರುಗುತ್ತಿತ್ತು. "ಮುಟ್ಟು, ಪುಣ್ಯ ಬರ್ತದ," ಎಂದಳು ಬಾಳಮ್ಮ. ಜಸ್ಮೀನ ಮುಟ್ಟಲಿಲ್ಲ. ಆ ಗಾಲಿಯ ಬುಡದಲ್ಲಿ ಬಿಳಿ ತಾಟು ಹಿಡಿದು ಕೂತ ಮಾವ ಅವಳ ಕಣ್ಣಿಗೆ ಕಟ್ಟಿದ. ಮನೆಗೆ ಬಂದು ಅತ್ತೆಯನ್ನು ನೇರವಾಗಿಯೇ ಕೇಳಿದಳು.

"ಅಮ್ಮಾ, ಅಬ್ಬಾಗ ಎಷ್ಟು ಕಾಣ್ತದ?"

ಚಮನಬಿ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. "ಬೇಕಾದಷ್ಟು ಕಾಣ್ತದ. ನಾ ಇದ್ದೇನಿ, ನೀ ಫಿಕರ್ ಮಾಡಬ್ಯಾಡ. ಮತ್ತ ಈ ಮಾತು ಹೊರಗ ಹೋದ್ರ ನೋಡು, ಇಜ್ಜತ್ತಿನ ಪ್ರಶ್ನಾ."

ಬೇಕಾದಷ್ಟು ಎಂದರೆ ಎಷ್ಟು ಎಂದು ಆಕೆ ಹೇಳಲಿಲ್ಲ. ಹೇಳಿದ್ದರೆ ಮುಂದಿನದು ಆಗುತ್ತಿರಲಿಲ್ಲ. ಮನೆಮಂದಿಯೆಲ್ಲ ಒಂದೊಂದು ತುಣುಕು ಗುಟ್ಟನ್ನು ಒಬ್ಬರಿಗೊಬ್ಬರು ತೋರಿಸದೆ ಸೆರಗಿನಲ್ಲಿ ಕಟ್ಟಿಕೊಂಡರೆ ಆಗುವುದು ಹೀಗೆಯೇ.

ರುಮಾಲಿನ ದಿನ ಕಮಿಟಿಯ ಹಿರಿಯ ಗುರುನಾಥ ಮನೆಗೇ ಬಂದು ಮುದುಕನ ತಲೆಗೆ ಕೇಸರಿ ರುಮಾಲು ಸುತ್ತಿದ. "ಗೌಸಕಾಕಾ, ನೀವು ಇರೋ ತನಕ ಬಲಗಡೆ ಚಿಂತಿ ಇಲ್ರಿ," ಎಂದ. ಮುದುಕ ದನಿ ಬಂದ ಕಡೆ ಮುಖ ಮಾಡಿ ನಕ್ಕ. ಚಮನಬಿ ನಗಲಿಲ್ಲ.

ತೇರಿನ ದಿನ ಬೆಳಗ್ಗೆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ತೇರು ಊರ ಹೊರಗಿನ ಪಾದಗಟ್ಟಿಯ ಕಲ್ಲುಕಟ್ಟೆ ಮುಟ್ಟಿ, ತಿರುಗಿ ಬಂದು, ನೆಲೆ ನಿಲ್ಲುವ ತನಕ ಸನ್ನಿ ಹಾಕುವವರ ಮನೆಯಲ್ಲಿ ಬೆಂಕಿ ಕಾಣಬಾರದು. ಹಿಂದಿನ ದಿನ ಮಾಡಿದ ಮಾದಲಿಯನ್ನೇ ಎಲ್ಲರೂ ತಿಂದರು. ಚಮನಬಿ ಬಾಳಮ್ಮನ ಮನೆಗೆ ಹೂ ಕಟ್ಟಲು ಹೋದಳು. ಮಾವ ಸ್ನಾನಕ್ಕೆ ಹೋಗಿದ್ದ. ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಸನ್ನಿ ಇತ್ತು.

ಜಸ್ಮೀನ ಅದನ್ನು ಎತ್ತಿ ನೋಡಿದಳು. ಅದರ ತೆಳುವಾದ ಬಾಯಿಯ ಉದ್ದಕ್ಕೂ ಸುಣ್ಣ. ಅಯ್ಯೋ, ಇದಕ್ಕೂ ಹನಿದಿದೆಯಲ್ಲ, ಊರೆಲ್ಲ ನೋಡುವ ವಸ್ತು ಎಂದುಕೊಂಡಳು. ಬಾವಿಕಟ್ಟೆಗೆ ಒಯ್ದು ನಾರಿನಿಂದ ತಿಕ್ಕಿದಳು. ಈ ಸುಣ್ಣ ಬೇರೆಯವುಗಳ ಹಾಗೆ ಬೇಗ ಬಿಡಲಿಲ್ಲ, ಬೆಲ್ಲ ಕಲಸಿದ ಹಾಗೆ ಅಂಟಿತ್ತು. ಆದರೆ ಅವಳೂ ಬಿಡುವವಳಲ್ಲ. ಪೂರ್ತಿ ತೆಗೆದು, ಒರೆಸಿ, ಕುಸುಬೆ ಎಣ್ಣೆ ತಿಕ್ಕಿದಳು. ಕಟ್ಟಿಗೆ ಗಾಲಿಯಷ್ಟೇ ಕಪ್ಪಗೆ ಹೊಳೆಯಿತು. ತನ್ನ ಮದುವೆಯ ಹಸಿರು ಬಟ್ಟೆಯೊಂದರಲ್ಲಿ ಸುತ್ತಿ ಇಟ್ಟಳು. ಅತ್ತೆ ಬಂದು ನೋಡಿದಾಗ ಗಂಟು ಮಾತ್ರ ಕಂಡಿತು. "ಛಲೋ ಸುತ್ತೀದಿ," ಎಂದಳು ಚಮನಬಿ. ಮೂರು ವಾರದಲ್ಲಿ ಸೊಸೆಗೆ ಸಿಕ್ಕ ಮೊದಲ ಮೆಚ್ಚುಗೆ ಅದು.

ಸಂಜೆ ಅತ್ತೆ ಸೊಸೆ ಇಬ್ಬರೂ ಬಾಳಮ್ಮನ ಮನೆಯ ಮಾಳಿಗೆ ಹತ್ತಿದರು. ದೇವಸ್ಥಾನದಿಂದ ಅಲ್ಲಿಯ ತನಕ ದಾರಿ ಸಮ, ಸನ್ನಿಗೆ ಕೆಲಸವಿಲ್ಲ. ಬಾಳಮ್ಮನ ಮನೆಯ ಮುಂದಿನಿಂದ ಇಳುಕಲು. ತೇರು ಹಗ್ಗಕ್ಕಿಂತ ಮುಂದೆ ಓಡಲು ನೋಡುವ ಜಾಗ ಅದು. ಕೆಳಗೆ ಜನ ಕಾಲಿಡಲು ಜಾಗವಿಲ್ಲದ ಹಾಗೆ ನಿಂತಿದ್ದರು. ಬಾಳಮ್ಮನ ಕಟ್ಟೆಯ ಮೇಲೂ ಜನ.

ಗಾಲಿಗಳ ಹತ್ತಿರ ಹೋಗುವವರೆಗೆ ಸನ್ನಿಯ ಗಂಟು ಬಿಚ್ಚುವಂತಿಲ್ಲ. ಪೂಜೆಯಾಗಿ, ಕಾಯಿ ಒಡೆದು, ಹಲಗೆ ಡೊಳ್ಳು ಒಟ್ಟಿಗೆ ಹೊಡೆದುಕೊಂಡವು. ತೇರು ಅಲುಗಿತು. ಬಾಳೆಹಣ್ಣು, ಉತ್ತತ್ತಿ ಹಾರಿ ಬಂದು ತೇರಿಗೆ ಬಡಿದವು. ಅಷ್ಟು ಎತ್ತರದ ವಸ್ತು ನಡೆದು ಬರುವುದನ್ನು ಜಸ್ಮೀನ ಮೊದಲ ಸಲ ನೋಡುತ್ತಿದ್ದಳು. ಚಂದವಿದೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಕಳಸ ಆ ಕಡೆ ವಾಲಿದರೆ ಅವಳೂ ಆ ಕಡೆ ವಾಲುತ್ತಿದ್ದಳು. ಬಲಗಾಲಿಯ ಪಕ್ಕದಲ್ಲಿ ಕೇಸರಿ ರುಮಾಲು ಸಣ್ಣಗೆ ಕಾಣುತ್ತಿತ್ತು.

ತೇರು ಹತ್ತಿರ ಬಂತು. ಚಮನಬಿ ಕಟ್ಟೆಗೋಡೆಯ ಮೇಲೆ ಬಗ್ಗಿ ಕಣ್ಣು ಕಿರಿದು ಮಾಡಿದಳು.

"ಬಿಳಿ ಕಾಣವಲ್ದಲ್ಲ ಬೇ," ಎಂದಳು.

"ಯಾವ ಬಿಳಿ ಅಮ್ಮಾ?"

"ಸನ್ನಿಯದು. ಬಾಯಿಗಿ ಸುಣ್ಣ ಹಚ್ಚಿದ್ನಲ್ಲ ನಾ. ಎರಡು ವರ್ಷಾತು, ಬೆರಳು ಹ್ವಾದಾಗಿಂದ ಹಚ್ಚಾಕತ್ತೇನಿ. ಅವ್ರಿಗ ಕರೀದು ಕಾಣೂದಿಲ್ಲ, ಬಿಳೀದು ಅಷ್ಟ ಕಾಣ್ತದ. ಬಿಳಿ ಗೆರಿ ಗಾಲಿ ಕೆಳಗ ಹ್ವಾದ್ರ ಕೈ ಬಿಡ್ತಾರ. ಗೆರಿ ಇಲ್ಲಂದ್ರ..." ಆಕೆ ಸೊಸೆಯ ಮುಖ ನೋಡಿ ಮಾತು ನಿಲ್ಲಿಸಿದಳು. "ಯಾಕ? ಯಾಕ ಹಂಗ ನಿಂತಿ?"

"ನಾ ತೊಳದೆ ಅಮ್ಮಾ."

"ಏನ್ ತೊಳದಿ?"

"ಸುಣ್ಣ. ಹನಿ ಬಿದ್ದದ ಅಂತ ತಿಳದು ಪೂರಾ ತೊಳದು ಎಣ್ಣಿ ಹಚ್ಚಿದೆ."

ಚಮನಬಿ ಸೊಂಟದ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು ಸೊಸೆಯ ಕೈಗೆ ತುರುಕಿದಳು. "ಓಡು! ನನ್ನ ಮೊಣಕಾಲು ಇಳಿಯೂದಿಲ್ಲ. ಓಡ ಬೇ!"

ಜಸ್ಮೀನ ಇಳಿದಳು. ಇಳಿಯುತ್ತಲೇ ಹಫೀಜನಿಗೆ ಫೋನು ಹಚ್ಚಿದಳು. ಅದು ರಿಂಗಾಗಿ ರಿಂಗಾಗಿ ನಿಂತಿತು, ಆ ಡೊಳ್ಳಿನಲ್ಲಿ ಹಗ್ಗ ಎಳೆಯುವವನಿಗೆ ಏನು ಕೇಳೀತು? ಹೊಸ್ತಿಲು ದಾಟಿದ್ದೇ ಜನ ಅವಳನ್ನು ಗೋಡೆಗೆ ಒತ್ತಿದರು. ಯಾರದೋ ಮೊಣಕೈ ಎದೆಗೆ ಬಡಿಯಿತು. ಬಾಳೆಹಣ್ಣೊಂದು ಕಿವಿಗೆ ಅಪ್ಪಳಿಸಿತು. ಒಂದು ಚಪ್ಪಲಿ ಹೋಯಿತು. "ಸರೀರಿ, ಬಿಡ್ರಿ, ಬಿಡ್ರಿ ಅಣ್ಣಾ!" ಎಂದು ಕೂಗಿದಳು. ತನ್ನ ದನಿ ತನಗೇ ಕೇಳಿಸಲಿಲ್ಲ. ಹುಟ್ಟಿದಾಗಿನಿಂದ ಅಪ್ಪ ಯಾವುದಕ್ಕೆ ಅಂಜಿಸಿದ್ದನೋ ಅದರ ನಟ್ಟನಡುವೆ ಅವಳಿದ್ದಳು, ಆದರೆ ಈಗ ಅವಳ ಅಂಜಿಕೆಯೆಲ್ಲ ಒಂದು ಜೋಡಿ ಮುದಿ ಕೈಗಳ ಮೇಲಿತ್ತು.

ಗಾಲಿಯ ಸುತ್ತ ಸ್ವಯಂಸೇವಕರು ಹಗ್ಗ ಹಿಡಿದು ಜನರನ್ನು ತಡೆದಿದ್ದರು. ಗುರುನಾಥ ಅಡ್ಡ ಬಂದ.

"ಏ ತಂಗಿ! ಹೆಣ್ಮಕ್ಕಳು ಗಾಲಿ ಕಡೆ ಬರಂಗಿಲ್ಲ. ಹಿಂದ ಸರಿ!"

"ಅಬ್ಬಾ... ನಮ್ಮ ಮಾವ..."

"ಆಮ್ಯಾಲ ಮಾತಾಡು. ಸರಿ ಅಂದ್ರ ಸರಿ!"

ಹೇಳಬಹುದಿತ್ತು. ಎರಡು ಮಾತು ಸಾಕಿತ್ತು. ಇಜ್ಜತ್ತಿನ ಪ್ರಶ್ನೆ ಎಂದಿದ್ದ ಅತ್ತೆಯ ಮುಖ ನೆನಪಾಗಿ ಅವಳ ನಾಲಿಗೆ ಒಂದು ಕ್ಷಣ ಅಂಟಿಕೊಂಡಿತು. ಅಷ್ಟರಲ್ಲಿ ತೇರಿನ ಮುಂಭಾಗ ಇಳುಕಲಿಗೆ ಬಂತು. ಯಾರೋ ಸೀಟಿ ಊದಿದರು. ಎಡಗಡೆ ಅಂಬಾರಾಯ ಸನ್ನಿ ಕೊಡಲು ಬಗ್ಗಿದ. ಬಲಗಡೆ ಗೌಸಮೊಹಿದ್ದೀನ ಬಗ್ಗಿದ.

ಅವನ ಮುಖ ಅವಳಿಗೆ ಸ್ಪಷ್ಟವಾಗಿ ಕಂಡಿತು. ತಾಟಿನ ಮುಂದೆ ಕೂತಾಗಿನ ಅದೇ ಮುಖ, ಅದೇ ಬೆವರು. ಅವನು ಸನ್ನಿಯ ಬಾಯಿಯನ್ನು ಹುಡುಕುತ್ತಿದ್ದ. ಕಪ್ಪು ಕಟ್ಟಿಗೆ, ಕಪ್ಪು ಗಾಲಿ, ಗಾಲಿಯ ನೆರಳು ಬಿದ್ದ ಕಪ್ಪು ನೆಲ. ಆದರೂ ಮುಂದಕ್ಕೆ ಚಾಚಿದ. ಗಾಲಿ ಸನ್ನಿಯ ಬಾಯಿ ಕಚ್ಚಿತು. ಅಂಬಾರಾಯ ಕೈ ಬಿಟ್ಟು ಹಿಂದೆ ಹಾರಿದ. ಮುದುಕ ಬಿಡಲಿಲ್ಲ. ಬಿಳಿ ಗೆರೆ ಒಳಗೆ ಹೋಗಲಿ ಎಂದು ಕಾಯುತ್ತಿದ್ದ.

ಜಸ್ಮೀನ ಹಗ್ಗದ ಕೆಳಗೆ ನುಸುಳಿದಳು. ಡಬ್ಬಿ ಕೈಯಲ್ಲೇ ಒಡೆಯಿತು. ಹಿಂದಿನಿಂದ ಮಾವನ ಅಂಗಿಯ ಕೊರಳಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಮೈಭಾರವನ್ನೆಲ್ಲ ಹಾಕಿ ಎಳೆದಳು. ಇಬ್ಬರೂ ಬೆನ್ನ ಮೇಲೆ ಬಿದ್ದರು. ಗಾಲಿ ಸನ್ನಿಯ ಹಿಡಿಕೆಯ ಮೇಲೆ ಏರಿತು. ಒಣ ಕಬ್ಬು ಮುರಿದ ಹಾಗೆ ಸದ್ದಾಯಿತು. ತೇರು ಎಡಕ್ಕೆ ಎಳೆದುಕೊಂಡು ಹೋಯಿತು, ಕಳಸ ತೂಗಿತು, ಬಾಳಮ್ಮನ ಕಟ್ಟೆಯ ಮೇಲಿನ ಜನ ಒಟ್ಟಿಗೆ ಕಿರುಚಿದರು. ಅಂಬಾರಾಯ ಇನ್ನೊಂದು ಸನ್ನಿಯನ್ನು ಎಡಗಾಲಿಗೆ ಬಡಿದ. ಕಟ್ಟೆಗೆ ಒಂದು ಗೇಣು ಇರುವಾಗ ತೇರು ನಿಂತಿತು.

ಡೊಳ್ಳು ನಿಂತವು. ಹಗ್ಗ ಬಿಟ್ಟು ಹಫೀಜ ಓಡಿ ಬಂದ. ಗುರುನಾಥ ಬಂದ. ಧೂಳಿನಲ್ಲಿ ಕೂತ ಗೌಸಮೊಹಿದ್ದೀನ ತನ್ನ ಕೈಗಳನ್ನು ಮುಖದ ಹತ್ತಿರ ತಂದು ಬೆರಳು ಒಂದೊಂದಾಗಿ ಮುಟ್ಟಿ ನೋಡಿಕೊಂಡ. ಹತ್ತೂ ಇದ್ದವು. ಅವನ ಮುಂದೆ ಸುಣ್ಣ ಮೆತ್ತಿದ ಬಿಳಿ ಅಂಗೈಯೊಂದು ಚಾಚಿಕೊಂಡಿತ್ತು. ಅದನ್ನು ಗಟ್ಟಿಯಾಗಿ ಹಿಡಕೊಂಡ.

"ಚಮನಾ," ಎಂದ, "ನೀ ಯಾಕ ಬಂದಿ ಇಲ್ಲಿ ತನಕ? ನಿನ್ನ ಮೊಣಕಾಲು ನೋವದಲ್ಲ?"

ಮೂರು ವಾರ ಒಂದೇ ಮನೆಯಲ್ಲಿದ್ದ ಸೊಸೆ ಒಂದು ಮಾರೂ ದೂರವಿಲ್ಲದೆ ಕೂತಿದ್ದರೂ ಅವನಿಗೆ ಗುರುತು ಸಿಕ್ಕಿರಲಿಲ್ಲ. ಗುರುನಾಥ ಏನೋ ಬೈಯಲು ಬಂದವನು ಹಾಗೇ ನಿಂತ.

"ನಾನ್ರಿ ಅಬ್ಬಾ. ಜಸ್ಮೀನ."

ಸುತ್ತ ನಿಂತವರಿಗೆಲ್ಲ ಕೇಳಿಸಿತು. ಅವರಿಗೆಲ್ಲ ಕೇಳಿಸಿತು ಎಂಬುದು ಮುದುಕನಿಗೂ ತಿಳಿಯಿತು. ಅವನು ಮೆಲ್ಲಗೆ ತಲೆ ತಗ್ಗಿಸಿದ.

ಗುರುನಾಥ ಧೂಳಲ್ಲಿ ಬಿದ್ದ ರುಮಾಲು ಎತ್ತಿ ಕೊಡವಿದ. ತೇರನ್ನು ಅರ್ಧ ದಾರಿಯಲ್ಲಿ ನಿಲ್ಲಿಸುವಂತಿಲ್ಲ. "ಹಫೀಜ, ನೀ ತಗೋ," ಎಂದು ಅದನ್ನು ಅವನ ಕಡೆ ಹಿಡಿದ. ಹಫೀಜ ಎರಡು ಹೆಜ್ಜೆ ಹಿಂದೆ ಸರಿದ. ಅವನ ಮುಖ ಬಿಳಿಚಿತ್ತು.

"ಅವಗ ಬ್ಯಾಡ್ರಿ," ಎಂದ ಗೌಸಮೊಹಿದ್ದೀನ ನೆಲದಿಂದಲೇ. "ಅಂಜೂ ಕೈ ಗಾಲಿ ಮುಂದ ಹೋಗಬಾರದು. ಅಂಬಾರಾಯಾ, ಇದ್ದೀಯೇನಲೇ?"

"ಇದ್ದೇನಿ ಗೌಸ್ಯಾ, ಇಲ್ಲೇ ಇದ್ದೇನಿ."

"ನಿನ್ನ ತಮ್ಮಗ ಕೊಡು. ಎರಡೂ ಗಾಲಿ ನಿಮ್ಮ ಮನಿಯವ್ರೇ ನೋಡ್ಕೋರಿ."

ಅಂಬಾರಾಯ ಬಂದು ಅವನ ಹೆಗಲಿಗೆ ಕೈ ಹಾಕಿದ. "ಇಟ್ಟಿರ್ತೇವಿ. ನಿನ್ನ ಕಣ್ಣು ಬರೋ ತನಕ ಇಟ್ಟಿರ್ತೇವಿ ಲೇ, ಅಷ್ಟ," ಎಂದ. ಅಂಥ ಪದ್ಧತಿ ಇರಲಿಲ್ಲ. ಗುರುನಾಥ ಬೇಡವೆನ್ನಲಿಲ್ಲ.

ಮನೆಗೆ ಬಂದಾಗ ಕತ್ತಲಾಗುತ್ತಿತ್ತು. ತೇರು ಇನ್ನೂ ಹಿಂದಿರುಗಿರಲಿಲ್ಲ, ಒಲೆ ತಣ್ಣಗಿತ್ತು. ನಾಲ್ವರೂ ನಡುಮನೆಯಲ್ಲಿ ಹಸಿದು ಕೂತರು. ಯಾರು ಯಾರನ್ನು ಬೈಯಬೇಕು ಎಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಜಸ್ಮೀನಳೇ ಅತ್ತಳು.

"ನಾ ತೊಳೀಬಾರದಿತ್ತು. ನನ್ನ ತಪ್ಪು."

"ನಾ ಹೇಳಬೇಕಿತ್ತು," ಎಂದಳು ಚಮನಬಿ. "ಹನಿ ಕಂಡಲ್ಲಿ ಒರಸು ಅಂದಾಕಿ ನಾನೇ. ನನ್ನ ಮನಿ ನಾನೇ ಸುಡತಿದ್ದೆ ಇವತ್ತ."

"ಬೇಟಿ," ಎಂದ ಮುದುಕ. "ಅಂಜಿದ್ದಿಯೇನು?"

"ಹೌದ್ರಿ ಅಬ್ಬಾ. ಭಾಳ ಅಂಜಿದ್ದೆ. ಇನ್ನೂ ಅಂಜಿಕಿ ಹೋಗಿಲ್ರಿ."

"ನಾನೂ," ಎಂದ. ಆ ಮಾತು ಆ ಮನೆಯಲ್ಲಿ ಅವನ ಬಾಯಿಂದ ಯಾರೂ ಕೇಳಿರಲಿಲ್ಲ. "ಬೆರಳು ಹ್ವಾದಾಗಿಂದ ಅಂಜಾಕತ್ತೇನಿ. ಯಾವಾಗ ಬಿಡಬೇಕು ಅನ್ನೂದೇ ತಿಳೀತಿದ್ದಿಲ್ಲ. ಒಬ್ರಾರ ಕೇಳಿದ್ರ ಹೇಳ್ತಿದ್ದೆನೇನೋ. ಕಣ್ಣು ಕಾಣ್ತಾವೇನು ಅಂತ ಎಲ್ಲಾರೂ ಕೇಳಿದ್ರಿ. ಅಂಜಿಕಿ ಆಗ್ತದೇನು ಅಂತ ಯಾರೂ ಕೇಳಲಿಲ್ಲ."

ಹಫೀಜ ಎದ್ದು ಬಂದು ಅಪ್ಪನ ಪಕ್ಕ ಕೂತ. ಚಿಕ್ಕವನಿದ್ದಾಗಿನ ಹಾಗೆ ತೋಳಿಗೆ ತೋಳು ತಾಗಿಸಿ ಕೂತ. "ಸೋಮವಾರ ದವಾಖಾನಿಗೆ ಹೋಗೂಣು," ಎಂದ.

"ಸೂಜಿ ಹಚ್ಚತಾರಲೇ."

"ಹಚ್ಚತಾರ. ನಾನೂ ಒಳಗ ಬರ್ತೇನಿ."

"ನೀ ಬ್ಯಾಡ, ನೀ ನನಗಿಂತ ಅಂಜುಬುರಕ. ಬೇಟಿ ಬರ್ಲಿ."

ದೂರದಲ್ಲಿ ಪಟಾಕಿ ಸಿಡಿದವು. ತೇರು ನೆಲೆ ನಿಂತಿತು ಎಂದು ಅದರ ಅರ್ಥ. ಚಮನಬಿ ಕಣ್ಣೊರೆಸಿಕೊಂಡು, "ಒಲಿ ಹಚ್ಚು ಬೇ, ಹಸಿವಾಗೇದ ಎಲ್ಲಾರಿಗೂ," ಎಂದಳು. ಜಸ್ಮೀನ ಕಡ್ಡಿ ಗೀರಿದಳು. ಅದು ಮುರಿಯಿತು. ಇನ್ನೊಂದು ಗೀರಿದಳು, ಅದೂ ಮುರಿಯಿತು. ಸದ್ದು ಕೇಳಿ ಮುದುಕ ಗೋಡೆ ಹಿಡಿದು ಎದ್ದು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಇಲ್ಲಿ ಕೊಡು." ಒಂದೇ ಗೀರಿಗೆ ಹತ್ತಿತು. ಹತ್ತಿದ ಕಡ್ಡಿಯನ್ನು ಒಲೆಯಿಂದ ಒಂದು ಮೊಳ ಆಚೆ, ಬರೀ ನೆಲದ ಮೇಲೆ ಹಿಡಿದ.

ಯಾರೂ ಗದರಲಿಲ್ಲ, ಯಾರೂ ಮುಚ್ಚಿಡಲಿಲ್ಲ. ಜಸ್ಮೀನ ಅವನ ಮಣಿಕಟ್ಟು ಹಿಡಿದಳು.

"ಎಡಕ್ಕ ಬರ್ರಿ ಅಬ್ಬಾ. ಇನ್ನಷ್ಟು. ಇನ್ನೊಂಚೂರು ಒಳಗ." ತೊಗರಿಕಟ್ಟಿಗೆಯ ಚಕ್ಕೆಗೆ ಬೆಂಕಿ ತಾಗಿತು. ಕಡ್ಡಿಯ ಉರಿ ಅವನ ಬೆರಳಿನ ಹತ್ತಿರ ಬಂದಿತ್ತು.

"ಹಾಂ," ಎಂದಳು ಅವಳು. "ಈಗ ಬಿಡ್ರಿ."

ಅವನು ಬಿಟ್ಟ.